ಗೆಳತಿಯರ ಗಾನವೂ ರಂಗದ ನ್ಯಾಯವೂ

ಚಿನ್ನದ ಗಣಿಯ ಹೆಸರೆತ್ತಿದೊಡನೆ ಜನರಿಗೆ ಹೊಳೆಯುವುದು ಗಂಡಸರ ಕಥೆ. ೨೦೧೮ ಮತ್ತು ೨೦೨೨ರಲ್ಲಿ ಬಂದ ‘ಕೆ.ಜಿ.ಎಫ್.’ ಚಿತ್ರಗಳೆರಡೂ ಆ ಭಾವನೆಯನ್ನೇ ಲೋಕಕ್ಕೆ ಸಾರಿದುವು. ಅದೇ ನೆಲದಲ್ಲಿ ನಾಲ್ವರು ಗೆಳತಿಯರು ಕೂಡಿ ಹಾಡು ಕಟ್ಟುವ ನಾಟಕವೊಂದನ್ನು ಯಾರಾದರೂ ಬರೆಯುವುದಾದರೆ ಅದು ಹೇಗಿರತಕ್ಕುದು? ಈ ತಿಂಗಳು ವಾಚಕರೊಡನೆ ವಿಚಾರಮಾಡಬೇಕೆಂದಿರುವ ಸಂಗತಿ ಇದೇ.

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ಕವಲುದಾರಿಯ ರೈಲಿನಲ್ಲಿ ಕುಳಿತವರಿಗೆ ತಮಿಳು, ತೆಲುಗು, ಕನ್ನಡ, ಉರ್ದು ನಾಲ್ಕೂ ಕಿವಿಗೆ ಬೀಳುವುವು. ಗಣಿಗೆಲಸಕ್ಕೆಂದು ಆರ್ಕಾಟು, ಚಿತ್ತೂರು ಸೀಮೆಗಳಿಂದ ಬಂದು ನೆಲೆಸಿದವರಲ್ಲಿ ಬಹುಮಂದಿ ದಲಿತರು. ಆಂಗ್ಲೋ ಇಂಡಿಯನ್ ಕುಟುಂಬಗಳೂ ಇದ್ದುವು. ೨೦೦೧ರಲ್ಲಿ ಗಣಿ ಮುಚ್ಚಿದ ಮೇಲೆ ಆ ಮನೆಗಳ ಅನೇಕರು ದಿನದಿನವೂ ಬೆಂಗಳೂರಿಗೆ ಕೆಲಸಕ್ಕಾಗಿ ರೈಲು ಹತ್ತುತ್ತಿದ್ದಾರೆ. ಇಂತಹ ಊರಿನ ನಾಟಕದಲ್ಲಿ ಜಾತಿಗೊಬ್ಬಳು, ಭಾಷೆಗೊಬ್ಬಳು ಎಂದು ಎಣಿಸಿ ನಿಲ್ಲಿಸಿ, ಹಾಡನ್ನೆಲ್ಲ ಒಬ್ಬಳ ಬಾಯಲ್ಲಿಯೇ ಹಾಡಿಸುವುದು ಸುಲಭ. ಅದು ನವರಾತ್ರಿಯ ಗೊಂಬೆಗಳ ಸಾಲಾದೀತೇ ಹೊರತು ಸ್ನೇಹವಾಗಲಾರದು.

ಕಾಳಿದಾಸನ ಶಾಕುಂತಲವನ್ನು ನೋಡಿರಿ. ಅನಸೂಯೆ ಮುಂದಾಲೋಚನೆಯವಳು, ರಾಜರಿಗೆ ಪತ್ನಿಯರು ಹಲವರೆಂದು ದುಷ್ಯಂತನಿಗೇ ನೆನಪುಮಾಡಿಕೊಡುವಳು. ಪ್ರಿಯಂವದೆ ಚೇಷ್ಟೆಯವಳು, ಆದರೂ ದುರ್ವಾಸನ ಕೋಪಕ್ಕೆ ಎದುರಾಗಿ ಹೋಗಿ ಶಾಪವನ್ನು ತಗ್ಗಿಸಿಕೊಂಡು ಬರುವವಳು ಅವಳೇ. ಇಬ್ಬರೂ ಸಖಿಯರೇ, ಒಬ್ಬಳ ಮಾತನ್ನು ಇನ್ನೊಬ್ಬಳಿಗೆ ಕೊಟ್ಟರೆ ಸಲ್ಲದು. ಇದು ಕವಿಯ ಹಿರಿಮೆ. ಆದರೆ ನಾಲ್ಕನೆಯ ಅಂಕ ಮುಗಿದೊಡನೆ ಅವರಿಬ್ಬರೂ ಕಣ್ಮರೆಯಾಗುವರು. ಐದನೆಯ ಅಂಕದ ಮೊದಲಲ್ಲಿ ಹಂಸಪದಿಕೆಯ ಗಾನವು ತೆರೆಯ ಹಿಂದಿನಿಂದ ಕೇಳಿಬರುವುದು. ಹಾಡಿದವಳು ಮಾತ್ರ ರಂಗಕ್ಕೆ ಬರುವುದೇ ಇಲ್ಲ. ಭಾಷೆಗಳೂ ಅಲ್ಲಿ ಹಲವು ಇವೆ. ಆದರೆ ಅರಸನಿಗೆ ಸಂಸ್ಕೃತ, ಸ್ತ್ರೀಯರಿಗೆ ಪ್ರಾಕೃತ ಎಂಬ ಮೆಟ್ಟಿಲುಗಳಾಗಿ ಇವೆ. ನಮಗೆ ಬೇಕಾದುದು ಮೆಟ್ಟಿಲಲ್ಲ, ಜಗಲಿ.

ತೆರೆಯ ಹಿಂದೆ ನಿಲ್ಲಲೊಲ್ಲದವಳೊಬ್ಬಳು ನಮ್ಮ ನಾಡಿನಲ್ಲಿಯೇ ಹುಟ್ಟಿದಳು. ೧೮೭೮ರಲ್ಲಿ ನಂಜನಗೂಡಿನಲ್ಲಿ ಜನಿಸಿದ, ದೇವದಾಸಿ ಕುಲದ ಬೆಂಗಳೂರು ನಾಗರತ್ನಮ್ಮನವರು ತಮ್ಮ ಸ್ವಂತ ಸಂಪಾದನೆಯಿಂದ ತಿರುವಯ್ಯಾರಿನಲ್ಲಿ ತ್ಯಾಗರಾಜಸ್ವಾಮಿಗಳ ಸಮಾಧಿಗೆ ಗುಡಿ ಕಟ್ಟಿಸಿದರು. ಅಲ್ಲಿನ ಆರಾಧನೆಯಲ್ಲಿ ಹೆಂಗಸರಿಗೆ ಹಾಡುವ ಅವಕಾಶವಿರಲಿಲ್ಲ. ಅವರು ಹೆಂಗಸರದೇ ಒಂದು ಗೋಷ್ಠಿಯನ್ನು ಕೂಡಿಸಿ ಬೇರೆಯಾಗಿ ಹಾಡಿಸಿದರು. ೧೯೪೦ರ ಸುಮಾರಿಗೆ ಪಂಗಡಗಳು ಒಂದಾದುವು. ೧೯೫೮ರಲ್ಲಿ ಬೇರೊಬ್ಬ ನಾಗರತ್ನಮ್ಮನವರು, ಎಂದರೆ ಆರ್. ನಾಗರತ್ನಮ್ಮನವರು, ಸ್ತ್ರೀ ನಾಟಕ ಮಂಡಳಿಯನ್ನು ಸ್ಥಾಪಿಸಿದರು. ಅದರಲ್ಲಿ ಕಂಸನ ಪಾತ್ರವನ್ನೂ ಹೆಂಗಸೇ ಧರಿಸುತ್ತಿದ್ದಳು. ಹಾಡುವವಳಾರು, ಪಾತ್ರ ಧರಿಸುವವಳಾರು ಎಂಬುದೂ ನ್ಯಾಯದ ಪ್ರಶ್ನೆಯೇ ಎಂದು ಇವರಿಬ್ಬರೂ ತೋರಿಸಿಕೊಟ್ಟರು.

ಆದುದರಿಂದ ನಮ್ಮ ಊಹೆಯ ನಾಟಕಕ್ಕೆ ಒಂದೇ ಒರೆಗಲ್ಲು ಸಾಕು: ಗೆಳತಿಯರಲ್ಲಿ ಯಾವಳನ್ನು ತೆಗೆದರೂ ಹಾಡು ಕೆಡಬೇಕು. ಗಣಿಯ ಲೈನುಮನೆಯ ತಮಿಳು ಹುಡುಗಿಯು ಮರುಕಕ್ಕಾಗಿ ಮಾತ್ರ ಬರಬಾರದು. ತಾಳ ತಪ್ಪಿದವರನ್ನು ಗದರಿಸುವ ಹಕ್ಕೂ ಅವಳಿಗಿರಲಿ. ಉರ್ದು ಮನೆಯವಳು ಸದಾ ಅಪ್ಪನಿಗೆ ಅಂಜುವವಳೇ ಆಗಬೇಕಾಗಿಲ್ಲ. ಅವಳೂ ಹೊಟ್ಟೆಕಿಚ್ಚು ಪಡಲಿ, ಹಾಸ್ಯಮಾಡಲಿ. ಕನ್ನಡದವಳು ಒಂದು ಅಂಕವಾದರೂ ಸುಮ್ಮನೆ ಶ್ರುತಿ ಹಿಡಿದು ಕುಳಿತಿರಲಿ.

ಇದು ಕವಿಗಳಿಗೆ ಮಾತ್ರ ಹೇಳಿದ ಮಾತಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ ಯಾವ ಮನೆಯ ಮಗುವಿಗೆ ಹಾಡು, ಯಾವ ಮನೆಯ ಮಗುವಿಗೆ ಪರದೆ ಎಳೆಯುವ ಕೆಲಸ ದೊರೆಯಿತೆಂಬುದನ್ನು ಗೃಹಸ್ಥರು ಒಮ್ಮೆ ಗಮನಿಸಬೇಕು. ಪರದೆ ಎಳೆಯುವ ಮಗುವಿಗೂ ಕಂಠವುಂಟು.