ಗಂಡನ ಹೆಸರು ಹಾಕೋಕೆ ಮದುವೆ ಪತ್ರ ಸಾಕು, ಅಪ್ಪನ ಹೆಸರು ವಾಪಸ್ ಪಡೆಯೋಕೆ ಗೆಜೆಟ್ ಬೇಕಾ?



ಕಳೆದ ವರ್ಷ ಹತ್ತಿ ಬಿಡಿಸೋ ಟೈಮಲ್ಲಿ ನಮ್ಮ ಬ್ಯಾಂಕಿನ ಕೌಂಟರಿಗೆ ಒಬ್ಬ ಹೆಣ್ಣುಮಗಳು ಬಂದಿದ್ದರು. ಪೆದ್ದಕಡುಬೂರು ಮಂಡಲದ ಒಂದು ಹಳ್ಳಿಯವರು, ಕನ್ನಡ ಮೀಡಿಯಂನಲ್ಲಿ ಹತ್ತನೇ ಕ್ಲಾಸ್ ಪಾಸಾದವರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಪಾಸ್‌ಬುಕ್, ಆಧಾರ್, ಹತ್ತನೇ ಕ್ಲಾಸಿನ ಸರ್ಟಿಫಿಕೇಟು ಮತ್ತು ಕೋರ್ಟಿನ ವಿಚ್ಛೇದನ ಡಿಕ್ರಿ.

"ಸಾರ್, ಕೇಸ್ ಮುಗೀತು. ಪಾಸ್‌ಬುಕ್ಕಿನಾಗ ನಮ್ಮಪ್ಪನ ಮನೆ ಹೆಸರೇ ಹಾಕಿ ಕೊಡ್ರಿ" ಅಂದರು.

"ಇದು ನಡೆಯಲ್ಲಮ್ಮ, ಗೆಜೆಟ್ ತಗೊಂಡು ಬಾ" ಅಂದೆ.

"ಗೆಜೆಟ್ ಅಂದ್ರೆ ಏನ್ರಿ? ಮದುವೆ ಆದಾಗ ಇದೇ ಕಿಟಕಿಯಾಗ ಹೆಸರು ಬದಲಿ ಮಾಡಿಕೊಟ್ರಿ. ಆಗ ಮದುವೆ ಸರ್ಟಿಫಿಕೇಟು ಒಂದೇ ಕೇಳಿದ್ರಿ. ಈಗ ಜಡ್ಜೇ ಬರೆದುಕೊಟ್ಟಾರ, ಅದು ಸಾಲಲ್ಲೇನು?"

ಹಿಂದೆ ಲೈನು ಉದ್ದ ಇತ್ತು. "ರೂಲ್ಸ್ ಹಂಗೈತೆ" ಅಂತ ಹೇಳಿ ಮುಂದಿನವರನ್ನು ಕರೆದೆ. ಅವರು ಕವರು ಮಡಿಚಿಕೊಂಡು ಹೋದರು.

ಸಂಜೆ ಕೂತು ಆ ರೂಲನ್ನೇ ತೆಗೆದು ಓದಿದೆ. ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನದಲ್ಲಿ ಒಂದು ವಾಕ್ಯ ಇದೆ. ಗುರುತಿನ ದಾಖಲೆ ಕೊಟ್ಟ ಮೇಲೆ ಹೆಸರು ಬದಲಾಗಿದ್ದರೂ ಆ ದಾಖಲೆ ನಡೆಯುತ್ತೆ. ಆದರೆ ಜೊತೆಗೆ ರಾಜ್ಯ ಸರ್ಕಾರ ಕೊಟ್ಟ ಮದುವೆ ಪ್ರಮಾಣಪತ್ರ ಇಲ್ಲವೇ ಗೆಜೆಟ್ ಪ್ರಕಟಣೆ ಇರಬೇಕು. ಎರಡೇ ಕಾಗದ. ವಿಚ್ಛೇದನದ ಡಿಕ್ರಿ ಅನ್ನೋ ಮಾತೇ ಆ ವಾಕ್ಯದಲ್ಲಿ ಇಲ್ಲ.

ಅಂದ್ರೆ ನಾನು ಹೇಳಿದ್ದು ರೂಲ್ ಪ್ರಕಾರ ಸರಿ. ಆದರೆ ಆ ಹೆಣ್ಣುಮಗಳು ಕೇಳಿದ್ದು ಅದಕ್ಕಿಂತ ಸರಿ. ಗಂಡನ ಮನೆ ಹೆಸರು ಹಾಕಿಕೊಳ್ಳೋಕೆ ಒಂದು ಸರ್ಟಿಫಿಕೇಟು ಸಾಕು, ಹುಟ್ಟಿದ ಹೆಸರಿಗೆ ವಾಪಸ್ ಬರೋಕೆ ಕೋರ್ಟಿನ ಡಿಕ್ರಿಯೂ ಸಾಲದು ಅಂದ್ರೆ ಇದು ಯಾವ ನ್ಯಾಯ? ಆ ವಾಕ್ಯಕ್ಕೆ "ವಿಚ್ಛೇದನ ಡಿಕ್ರಿ" ಅನ್ನೋ ಎರಡು ಪದ ಸೇರಬೇಕು. ನನ್ನ ವಾದ ಇಷ್ಟೇ.

ಮದುವೆಯಾದ ಹೆಣ್ಣು ಗಂಡನ ಮನೆ ಹೆಸರು ಇಟ್ಟುಕೊಳ್ಳಲೇಬೇಕು ಅಂತ ನಮ್ಮ ದೇಶದ ಯಾವ ಕಾನೂನೂ ಹೇಳಲ್ಲ. ಪ್ಯಾನ್ ಕಾರ್ಡ್ ನೋಡಿ, ಅದರಲ್ಲಿ ಮದುವೆಯಾದವರಿಗೂ ಗಂಡನ ಹೆಸರು ಬರಲ್ಲ. ಪಾಸ್‌ಪೋರ್ಟಿಗೂ ಅಷ್ಟೇ: ಬೇರೆಯಾದವರು, ವಿಚ್ಛೇದನ ಆದವರು ಸಂಗಾತಿಯ ಹೆಸರು ಕೊಡಬೇಕಿಲ್ಲ, ಡಿಕ್ರಿಯನ್ನೂ ಕೊಡಬೇಕಿಲ್ಲ ಅಂತ 2016ರ ಡಿಸೆಂಬರಿನಲ್ಲೇ ವಿದೇಶಾಂಗ ಇಲಾಖೆ ಹೇಳಿದೆ. ವಿಮಾನ ಹತ್ತೋಕೆ ಬೇಡವಾದ ಕಾಗದ ಕೂಲಿ ದುಡ್ಡು ತೆಗೆಯೋಕೆ ಯಾಕೆ ಬೇಕು?

ನಮ್ಮ ಕಡೆ ಇದು ಇನ್ನೂ ಗೋಜಲು. ಗಡಿಯಾಚೆ ಸಿರುಗುಪ್ಪ, ಮಾನ್ವಿ ಕಡೆ ದಾಖಲೆಯಲ್ಲಿ ಹೆಣ್ಣಿನ ಹೆಸರು ಬರೆದು "ಗಂಡ" ಅಂತ ಹಾಕಿ ಅವನ ಹೆಸರು ಸೇರಿಸ್ತಾರೆ, ಅವಳ ಹೆಸರು ಹಂಗೇ ಉಳಿಯುತ್ತೆ. ನಮ್ಮಲ್ಲಿ ಇಂಟಿಪೇರು ಬದಲಾಗುತ್ತೆ, ಹೆಸರಿನ ಮುಂದಿನ ಇನಿಶಿಯಲ್ಲೇ ಬೇರೆಯಾಗುತ್ತೆ. ಸಿರುಗುಪ್ಪದಿಂದ ನಮ್ಮೂರಿಗೆ ಸೊಸೆಯಾಗಿ ಬಂದವಳ ಎಸ್ಸೆಸ್ಸೆಲ್ಸಿ ಕರ್ನಾಟಕದ್ದು, ಆಧಾರ್ ಆಂಧ್ರದ ವಿಳಾಸದ್ದು. ಸಂಸಾರ ಮುರಿದು ವಾಪಸ್ ಹೋದಾಗ ಎರಡೂ ತಾಳೆಯಾಗಲ್ಲ.

ಇನ್ನು ಆಧಾರ್. ಅದರಲ್ಲಿ ಹೆಸರು ಬದಲಿಸೋಕೆ ಜೀವಮಾನದಲ್ಲಿ ಎರಡೇ ಸಲ ಅವಕಾಶ. ಮದುವೆಗೆ ಒಂದು, ವಿಚ್ಛೇದನಕ್ಕೆ ಒಂದು, ಮುಗೀತು. ಆದರೆ ನಮ್ಮವರಿಗೆ ಅಷ್ಟೂ ಉಳಿಯಲ್ಲ. ನಮ್ಮ ಹುಲಿಗೆಮ್ಮ ಆಧಾರ್ ಸೆಂಟರಿನಲ್ಲಿ ಉಲಿಗೆಮ್ಮ ಆಗ್ತಾಳೆ, ಈರಮ್ಮ ವೀರಮ್ಮ ಆಗ್ತಾಳೆ. ಅದನ್ನು ಸರಿ ಮಾಡಿಸೋದ್ರಲ್ಲೇ ಒಂದು ಅವಕಾಶ ಹೋಯ್ತು. ಮೂರನೇ ಸಲಕ್ಕೆ ಗೆಜೆಟ್ ತಗೊಂಡು ಹೈದರಾಬಾದಿನ ಪ್ರಾದೇಶಿಕ ಕಚೇರಿಯ ಒಪ್ಪಿಗೆ ಪಡೀಬೇಕು. ಗಂಡಸರಿಗೆ ಮದುವೆಯಿಂದಾಗಲಿ ವಿಚ್ಛೇದನದಿಂದಾಗಲಿ ಈ ಎರಡು ಅವಕಾಶ ಖರ್ಚಾಗಲ್ಲ. ಆಧಾರಿನವರು ವಿಚ್ಛೇದನದ ಡಿಕ್ರಿಯನ್ನು ದಾಖಲೆ ಅಂತ ಒಪ್ತಾರೆ, ಅಷ್ಟು ಒಳ್ಳೇದು. ಅವರು ಒಪ್ಪೋದನ್ನು ರಿಸರ್ವ್ ಬ್ಯಾಂಕಿನ ವಾಕ್ಯ ಯಾಕೆ ಹೇಳಬಾರದು?

ಡಿಕ್ರಿ ಇದ್ದವರ ಕಥೆಯೇ ಇದು. ಡಿಕ್ರಿನೇ ಇಲ್ಲದವರು ಎಷ್ಟು ಜನ! ನಮ್ಮ ಹಳ್ಳಿಗಳಲ್ಲಿ ಹಿರಿಯರು ಕಟ್ಟೆ ಮೇಲೆ ಕೂತು ಬಾಂಡ್ ಪೇಪರಿನ ಮೇಲೆ ಬಿಡುಗಡೆ ಪತ್ರ ಬರೆಸ್ತಾರೆ. 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಸೆಕ್ಷನ್ ರೂಢಿಯ ವಿಚ್ಛೇದನವನ್ನು ಉಳಿಸಿದೆ, ನಿಜ. ಆದರೆ ಆ ರೂಢಿ ತಮ್ಮ ಜಾತಿಯಲ್ಲಿ ಇದೆ ಅಂತ ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಆ ಬಾಂಡ್ ಪೇಪರು ನನ್ನ ಕೌಂಟರಿನಲ್ಲಿ ನಡೆಯಲ್ಲ. ಊರು ಅವಳನ್ನು "ಬಿಟ್ಟವಳು" ಅನ್ನುತ್ತೆ, ಕಾಗದದಲ್ಲಿ ಇನ್ನೂ ಅವನ ಹೆಂಡತಿ.

ಗೆಜೆಟ್ ಮಾಡಿಸ್ತೀನಿ ಅಂತ ಹೊರಟರೂ ಅಲ್ಲೊಂದು ಮುಳ್ಳು. ಮದುವೆಯಾದವಳು ತವರಿನ ಹೆಸರಿಗೆ ಮರಳಬೇಕಾದರೆ ಡಿಕ್ರಿ ಕೊಡಬೇಕು, ಇಲ್ಲಾ ಗಂಡನ ಒಪ್ಪಿಗೆ ಪತ್ರ ತರಬೇಕು ಅಂತ ಕೇಂದ್ರದ ಪ್ರಕಟಣಾ ಇಲಾಖೆ ಸೂಚನೆ ಹೊರಡಿಸಿತ್ತು. ಕೇಸು ನಡೀತಿರೋವಾಗ ಯಾವ ಗಂಡ ಒಪ್ಪಿಗೆ ಬರೆದುಕೊಡ್ತಾನೆ? ಇದನ್ನು ಒಬ್ಬ ಮಹಿಳೆ ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. 2024ರ ಫೆಬ್ರವರಿಯಲ್ಲಿ ಕೋರ್ಟು ಕೇಂದ್ರದ ಉತ್ತರ ಕೇಳಿತು. ಹೆಸರು ಅನ್ನೋದು ವ್ಯಕ್ತಿಯ ಗುರುತು, ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಅಂತ 2021ರಲ್ಲೇ ಸಿಬಿಎಸ್‌ಇ ಸರ್ಟಿಫಿಕೇಟಿನ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅದು ನಮ್ಮ ಹಳ್ಳಿಯವರಿಗೂ ಅನ್ವಯಿಸಬೇಕಲ್ವಾ?

ನನ್ನ ಸಹೋದ್ಯೋಗಿಗಳು ಒಂದು ಮಾತು ಹೇಳ್ತಾರೆ: "ಹಂಗೆಲ್ಲಾ ಬಿಟ್ರೆ ಸಾಲ ತಗೊಂಡು ಹೆಸರು ಬದಲಿಸಿ ಓಡಿ ಹೋಗ್ತಾರೆ." ಈ ಭಯ ಸುಳ್ಳಲ್ಲ, ನಾನೂ ಅದೇ ಕುರ್ಚಿಯಲ್ಲಿ ಕೂತವನು. ಆದರೆ ಡಿಕ್ರಿಯ ಪ್ರಮಾಣಿತ ಪ್ರತಿಯಲ್ಲಿ ಕೋರ್ಟಿನ ಸೀಲು ಇರುತ್ತೆ, ಕೇಸ್ ನಂಬರ್ ಇರುತ್ತೆ, ಇಬ್ಬರ ಹೆಸರು ವಿಳಾಸ ಇರುತ್ತೆ. ಮದುವೆ ಸರ್ಟಿಫಿಕೇಟನ್ನು ನಂಬೋ ಬ್ಯಾಂಕು ಇದನ್ನು ನಂಬದಿರೋಕೆ ಕಾರಣ ಇಲ್ಲ. ಖಾತೆ ನಂಬರು, ಪ್ಯಾನ್, ಬೆರಳಚ್ಚು ಯಾವುದೂ ಬದಲಾಗಲ್ಲ. ಓಡಿ ಹೋಗೋಕೆ ಜಾಗ ಎಲ್ಲಿದೆ?

ರೂಲ್ ಬದಲಾಗೋವರೆಗೆ ನಮ್ಮ ಅಕ್ಕತಂಗಿಯರಿಗೆ ಇಷ್ಟು ಹೇಳಿ:

1. ಮದುವೆಯಾದ ತಕ್ಷಣ ಹೆಸರು ಬದಲಿಸಬೇಡಿ. ಆಧಾರ್‌ನಲ್ಲಿ ವಿಳಾಸ ಬದಲಿಸಿದರೆ ಸಾಕು. ಹತ್ತನೇ ಕ್ಲಾಸಿನ ಸರ್ಟಿಫಿಕೇಟಿನಲ್ಲಿ ಇರೋ ಹೆಸರೇ ಎಲ್ಲ ಕಡೆ ಇರಲಿ.

2. ವಿಚ್ಛೇದನದ ಅರ್ಜಿ ಹಾಕೋವಾಗಲೇ ಎರಡೂ ಹೆಸರು "ಅಲಿಯಾಸ್" ಅಂತ ಬರೆಸಿ. ಇಬ್ಬರೂ ಒಪ್ಪಿ 13ಬಿ ಅಡಿ ಹಾಕಿದರೂ ಅಷ್ಟೇ. ಆಗ ಆ ಹೆಸರಿನವಳೂ ಈ ಹೆಸರಿನವಳೂ ಒಬ್ಬಳೇ ಅಂತ ಡಿಕ್ರಿಯೇ ಹೇಳುತ್ತೆ. ವಕೀಲರು ಮರೆತರೆ ನೀವು ನೆನಪಿಸಿ.

3. ಡಿಕ್ರಿ ಬಂದ ಮೇಲೆ ಪ್ರಮಾಣಿತ ಪ್ರತಿ ಮೂರು ನಾಲ್ಕು ತೆಗೆಸಿಟ್ಟುಕೊಳ್ಳಿ. ಝೆರಾಕ್ಸ್ ಎಲ್ಲ ಕಡೆ ನಡೆಯಲ್ಲ.

4. ಮೊದಲು ಆಧಾರ್, ಆಮೇಲೆ ಪ್ಯಾನ್, ಬ್ಯಾಂಕು, ರೇಷನ್ ಕಾರ್ಡು. ವೋಟರ್ ಕಾರ್ಡಿಗೆ ಫಾರಂ 8. ಆಧಾರ್ ಆಪರೇಟರ್ ಸ್ಕ್ರೀನಿನಲ್ಲಿ ತೆಲುಗು, ಇಂಗ್ಲಿಷ್ ಎರಡರಲ್ಲೂ ಅಕ್ಷರ ಅಕ್ಷರ ನೋಡಿ ಆಮೇಲೆ ಓಕೆ ಅನ್ನಿ. ನಿಮಗೆ ತೆಲುಗು ಓದೋಕೆ ಬರದಿದ್ದರೆ ಬರೋರನ್ನು ಕರಕೊಂಡು ಹೋಗಿ.

5. ಗೆಜೆಟ್ ಬೇಕೇ ಬೇಕು ಅಂದರೆ ನೋಟರಿ ಅಫಿಡವಿಟ್, ಪೇಪರಿನಲ್ಲಿ ಜಾಹೀರಾತು, ಆಮೇಲೆ ಅರ್ಜಿ. ಭಾರತ ಗೆಜೆಟ್ಟಿನ ಅರ್ಜಿ ದೆಹಲಿ ಸಿವಿಲ್ ಲೈನ್ಸಿನ ಪ್ರಕಟಣಾ ಇಲಾಖೆಗೆ ಹೋಗುತ್ತೆ. ರಸೀದಿ ಕೊಡದ ಏಜೆಂಟಿಗೆ ಒಂದು ರೂಪಾಯಿಯೂ ಕೊಡಬೇಡಿ.

ಹುಡುಗರೇ, ನಿಮಗೂ ಒಂದು ಮಾತು. ಮದುವೆಯಾದ ವಾರಕ್ಕೇ ಹೆಂಡತಿಯನ್ನು ಆಧಾರ್ ಸೆಂಟರಿಗೆ ಕರಕೊಂಡು ಹೋಗೋ ಆತುರ ಬೇಡ. ಅವಳ ಎರಡು ಅವಕಾಶ ಅವಳಿಗೇ ಇರಲಿ.

ಇನ್ನು ನಾವು ಮಾಡಬೇಕಾದ್ದು. ರಿಸರ್ವ್ ಬ್ಯಾಂಕಿಗೆ ಒಂದು ಮನವಿ ಬರೆಯೋಣ: ಕೆವೈಸಿ ನಿರ್ದೇಶನದಲ್ಲಿ ಮದುವೆ ಪ್ರಮಾಣಪತ್ರದ ಪಕ್ಕ ವಿಚ್ಛೇದನ ಡಿಕ್ರಿಯನ್ನೂ ಸೇರಿಸಿ ಅಂತ. ಕನ್ನಡದಲ್ಲೇ ಬರೆಯೋಣ. ದೇಶದಲ್ಲಿ ಇಲ್ಲವೇ ರಾಜ್ಯದಲ್ಲಿ ಬಳಕೆಯಲ್ಲಿರೋ ಯಾವ ಭಾಷೆಯಲ್ಲಾದರೂ ಅಹವಾಲು ಕೊಡೋ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಶಾಲೆ, ಟೀಚರು, ಬೋರ್ಡಿಗೆ ಅಂತ ಮನವಿ ಬರೆದು ನಮಗೆ ಅಭ್ಯಾಸ ಇದೆ. ಇದೂ ಒಂದು ಬರೆಯೋಣ.

ಆ ಹೆಣ್ಣುಮಗಳು ಮತ್ತೆ ಬಂದರು, ಯುಗಾದಿ ಆದ ಮೇಲೆ. ಹೊಸ ಆಧಾರ್ ಇತ್ತು, ಗೆಜೆಟ್ಟಿನ ಪ್ರಿಂಟೂ ಇತ್ತು. ಆದೋನಿಗೆ ನಾಲ್ಕು ಸಲ ಓಡಾಡಿದರಂತೆ, ನಾಲ್ಕು ದಿನದ ಕೂಲಿ ಹೋಯ್ತಂತೆ. ಪಾಸ್‌ಬುಕ್ ಪ್ರಿಂಟ್ ಮಾಡಿ ಕೊಟ್ಟೆ. ಹೆಸರನ್ನು ಒಂದು ಸಲ ಓದಿ ನೋಡಿಕೊಂಡರು. "ಈಗ ಸರಿ ಐತೆ" ಅಂದರು.

ನನಗೆ ಆ ಕೆಲಸಕ್ಕೆ ಹಿಡಿದದ್ದು ಹತ್ತು ನಿಮಿಷ.