ನೂರಕ್ಕೊಂದು ಡಾಲರಿನ ನ್ಯಾಯಾಲಯ



ಅಮೆರಿಕೆಯ ಜಾರ್ಜಿಯಾ ರಾಜ್ಯದಲ್ಲಿ ನೆಲೆಸಿರುವ ನಿಮ್ಮಲ್ಲಿ ಅನೇಕರು ಅಂಗಡಿಯ ರಸೀದಿಯ ಕೊನೆಯ ಸಾಲುಗಳನ್ನು ಓದುವ ಗೋಜಿಗೇ ಹೋಗುವುದಿಲ್ಲವೆಂದು ಬಲ್ಲೆ. ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದ ನಾನು, ಉತ್ತರ ಪತ್ರಿಕೆ ತಿದ್ದಿದ ಹಳೆಯ ಚಟದಿಂದ, ಅದನ್ನೇ ಮೊದಲು ಓದುತ್ತಿದ್ದೆ.

ಅಲ್ಲಿ ರಾಜ್ಯದ ಮಾರಾಟ ತೆರಿಗೆ ಶೇ. 4. ಅದರ ಮೇಲೆ ಕೌಂಟಿಗಳು ತಮ್ಮ ಪಾಲನ್ನು ಸೇರಿಸುತ್ತವೆ. ಅವುಗಳಲ್ಲೊಂದು, 1985ರಲ್ಲಿ ಶಾಸನವಾದ, ‘ಸ್ಪ್ಲಾಸ್ಟ್’ ಎಂದು ಕರೆಯುವ ಶೇ. 1ರ ತೆರಿಗೆ. ಇದು ರಸ್ತೆ, ನ್ಯಾಯಾಲಯ, ಸೆರೆಮನೆ, ಗ್ರಂಥಾಲಯಗಳಂಥ ನಿರ್ಮಾಣಕ್ಕೆ ಮೀಸಲು; ನೌಕರರ ಸಂಬಳಕ್ಕೆ ಸಲ್ಲದು. ಕಾಮಗಾರಿಗಳ ಪಟ್ಟಿಯನ್ನು ಮುಂದಿಟ್ಟು ಜನರ ಮತ ಕೇಳಬೇಕು. ಐದಾರು ವರ್ಷಗಳ ಅವಧಿ ಮುಗಿದರೆ ತೆರಿಗೆಯೂ ಮುಗಿಯುತ್ತದೆ. ಮುಂದುವರಿಸಬೇಕಾದರೆ ಮತ್ತೆ ಮತದಾನ. ಫೋರ್ಸೈತ್ ಕೌಂಟಿಯ ಕಮಿಂಗ್ ಪಟ್ಟಣದ ಹೊಸ ನ್ಯಾಯಾಲಯವೂ ಸೆರೆಮನೆಯೂ 2011ರಲ್ಲಿ ಜನರು ಒಪ್ಪಿದ ಇಂಥ ತೆರಿಗೆಯಿಂದಲೇ ಎದ್ದವು.

ಈ ಕ್ರಮವನ್ನು ಕಂಡು ನನಗೆ ತುಸು ಅಸೂಯೆಯೇ ಆಯಿತು. ಕರ್ನಾಟಕದಲ್ಲಿ ಊರಾಡಳಿತಗಳ ಆದಾಯವಾಗಿದ್ದ ಆಕ್ಟ್ರಾಯ್ 1979ರಲ್ಲಿ ರದ್ದಾಯಿತು. ಕಟ್ಟಡ ಬೇಕೆಂದರೆ ಬೆಂಗಳೂರಿನ ಅನುದಾನಕ್ಕೆ ಕೈಯೊಡ್ಡುವುದೇ ನಮ್ಮ ರೂಢಿ. ತಾಲ್ಲೂಕು ಕಚೇರಿ ಕಟ್ಟುವ ಮುನ್ನ ನಿಮ್ಮನ್ನಾಗಲಿ ನನ್ನನ್ನಾಗಲಿ ಕೇಳಿದವರುಂಟೇ?

ಆದರೂ ಒಂದು ಸಂಗತಿಯನ್ನು ನಾನು ಒಪ್ಪಲಾರೆ. ಜಾರ್ಜಿಯಾದಲ್ಲಿ ದಿನಸಿಗೆ ರಾಜ್ಯದ ತೆರಿಗೆ ಇಲ್ಲ, ಆದರೆ ಸ್ಥಳೀಯ ತೆರಿಗೆ ಉಂಟು. ನೂರು ಡಾಲರಿನ ಅಕ್ಕಿ, ಬೇಳೆ, ಹಾಲು ಕೊಂಡವನಿಂದ ಒಂದು ಡಾಲರು ನ್ಯಾಯಾಲಯದ ಗೋಡೆಗೆ ಹೋಗುತ್ತದೆ. ಬಂಗಲೆಯವನೂ ಬಾಡಿಗೆ ಕೋಣೆಯವನೂ ಉಣ್ಣುವ ಅನ್ನದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ಗಳಿಕೆಯಲ್ಲಿ ಅಜಗಜಾಂತರ. ಕಟ್ಟಡದ ಖರ್ಚು ಆಸ್ತಿ ತೆರಿಗೆಯ ಮೇಲೆ ಬೀಳದೆಂಬ ಕಾರಣಕ್ಕೆ ಮನೆಯುಳ್ಳವರು ಈ ತೆರಿಗೆಯನ್ನು ಮೆಚ್ಚುವುದು ಸಹಜವೇ.

ಹಾದುಹೋಗುವ ಪರವೂರಿನವರೂ ಇದನ್ನು ತೆರುತ್ತಾರೆ ಎಂದು ನನ್ನ ಅಳಿಯಂದಿರು ವಾದಿಸಿದರು. ದೊಡ್ಡ ಮಳಿಗೆಗಳಿರುವ ಕೌಂಟಿಗೆ ಆ ಮಾತು ಒಪ್ಪುತ್ತದೆ. ಅಂಗಡಿಗಳೇ ವಿರಳವಾದ ಹಳ್ಳಿಗಾಡಿನ ಕೌಂಟಿಯವರೋ, ನೆರೆಯ ಕೌಂಟಿಗೆ ಹೋಗಿ ಸಾಮಾನು ಕೊಂಡು, ನೆರೆಯವರ ನ್ಯಾಯಾಲಯವನ್ನು ಕಟ್ಟಿಸಿ ಬರುತ್ತಾರೆ! ಇನ್ನು ಕೆಲಸದ ವೀಸಾದ ಮೇಲಿರುವ ನಮ್ಮ ಹುಡುಗರು ಹತ್ತು ಹದಿನೈದು ವರ್ಷ ತೆರಿಗೆ ತೆತ್ತರೂ ಮತ ಹಾಕುವಂತಿಲ್ಲ.

ಪೌರತ್ವ ಪಡೆದಿರುವ ನಿಮ್ಮಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಆ ಪಟ್ಟಿ ಬಂದಾಗ ಪೂರ್ತಿ ಓದಿ ಮತ ಹಾಕಿರಿ. ಅಧಿಕಾರಿಗಳ ಕೋಣೆಗಳಿಗೆಷ್ಟು, ಅಗ್ನಿಶಾಮಕ ಠಾಣೆಗೆಷ್ಟು ಎಂದು ಸಭೆಯಲ್ಲಿ ಎದ್ದು ಕೇಳಿರಿ. ದಿನಸಿಯನ್ನು ಸ್ಥಳೀಯ ತೆರಿಗೆಯಿಂದಲೂ ಬಿಡಬೇಕೆಂದು ನಿಮ್ಮ ಶಾಸಕರಿಗೆ ಒಂದು ಪತ್ರ ಬರೆಯಿರಿ. ಪತ್ರಲೇಖನವನ್ನು ನಿಮಗೆ ಎಂಟನೆಯ ತರಗತಿಯಲ್ಲೇ ಕಲಿಸಿದ್ದೇನೆ.