ರಾಗಿಯನ್ನು ಕುಣಿಸಿದ್ದು ಯಾರು?

'ಶಬ್ದ ಶಕ್ತಿಯ ಒಂದು ರೂಪ.' ಪ್ರಾಥಮಿಕ ಶಾಲೆಯ ಮಕ್ಕಳು ಈ ವಾಕ್ಯವನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಅಂಕವನ್ನೂ ಪಡೆಯುತ್ತಾರೆ. ಆದರೆ 'ಅದು ಹೇಗೆ?' ಎಂದು ಕೇಳಿದರೆ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಬಿಸಿಲು ಬಟ್ಟೆ ಒಣಗಿಸುತ್ತದೆ, ವಿದ್ಯುತ್ತು ಫ್ಯಾನು ತಿರುಗಿಸುತ್ತದೆ. ಅವೆರಡೂ ಶಕ್ತಿ ಎಂದರೆ ಮಕ್ಕಳು ಒಪ್ಪುತ್ತಾರೆ. ಶಬ್ದ ಮಾಡುವ ಕೆಲಸವಾದರೂ ಯಾವುದು? ಪಾಠ ಆರಂಭವಾಗಬೇಕಾದದ್ದು ಈ ಪ್ರಶ್ನೆಯಿಂದ.

ಉತ್ತರ ಅಡುಗೆಮನೆಯಲ್ಲೇ ಇದೆ. ಸ್ಟೀಲ್ ಡಬ್ಬಿಯೊಂದರ ಬಾಯಿಗೆ ಕತ್ತರಿಸಿದ ಬಲೂನನ್ನು ಬಿಗಿಯಾಗಿ ಎಳೆದು ರಬ್ಬರ್ ಬ್ಯಾಂಡ್ ಹಾಕಬೇಕು. ಅದರ ಮೇಲೆ ಹತ್ತಿಪ್ಪತ್ತು ರಾಗಿ ಕಾಳು ಹರಡಬೇಕು. ಒಂದು ಗೇಣು ದೂರದಲ್ಲಿ ಊಟದ ತಟ್ಟೆಯನ್ನು ಎತ್ತಿ ಹಿಡಿದು ಸೌಟಿನಿಂದ ಜೋರಾಗಿ ಬಾರಿಸಬೇಕು. ರಾಗಿ ಕಾಳುಗಳು ಕುಣಿಯುತ್ತವೆ! ತಟ್ಟೆ ಡಬ್ಬಿಗೆ ತಾಗಿಲ್ಲ, ಯಾರೂ ಊದಿಲ್ಲ. ಕಾಳನ್ನು ಅಲುಗಿಸುವುದೂ ಒಂದು ಕೆಲಸವೇ. ಆ ಕೆಲಸ ಮಾಡಿದ್ದು ಶಬ್ದ.

'ಸೌಟು ಬೀಸಿದ ಗಾಳಿಗೆ ಕುಣಿದಿರಬಹುದಲ್ಲ?' ಎಂದು ತುಂಟ ಹುಡುಗನೊಬ್ಬ ಕೇಳಿದರೆ ಗದರಿಸಬಾರದು. ಅದು ವಿಜ್ಞಾನಿ ಕೇಳಬೇಕಾದ ಪ್ರಶ್ನೆ. ತಟ್ಟೆಗೆ ತಾಗಿಸದೆ ಸೌಟನ್ನು ಅಷ್ಟೇ ಜೋರಾಗಿ ಬೀಸಿ ನೋಡಲು ಅವನಿಗೇ ಹೇಳಬೇಕು. ಕಾಳು ಕದಲದಿದ್ದಾಗ ಅವನ ಅನುಮಾನ ತಾನಾಗಿಯೇ ಬಗೆಹರಿಯುತ್ತದೆ.

ಹಾಗಾದರೆ ತಟ್ಟೆಯಿಂದ ಡಬ್ಬಿಗೆ ಬಂದದ್ದೇನು? ಪ್ರಾರ್ಥನೆಗೆ ಸಾಲಾಗಿ ನಿಂತ ಮಕ್ಕಳು ಮುಂದಿನವರ ಹೆಗಲ ಮೇಲೆ ಕೈಯಿಡಲಿ. ಕೊನೆಯವನನ್ನು ಮೆಲ್ಲಗೆ ತಳ್ಳಿದರೆ ಆ ತಳ್ಳುವಿಕೆ ಮೊದಲನೆಯವನವರೆಗೂ ತಲುಪುತ್ತದೆ. ಆದರೆ ಯಾರೂ ತಮ್ಮ ಜಾಗ ಬಿಟ್ಟು ಹೋಗಿರುವುದಿಲ್ಲ. ಗಾಳಿಯ ಕಣಗಳೂ ಹೀಗೆಯೇ. ಅವು ಇದ್ದಲ್ಲೇ ಹಿಂದೆ ಮುಂದೆ ಕಂಪಿಸುತ್ತವೆ; ಮುಂದೆ ಸಾಗುವುದು ಶಕ್ತಿ ಮಾತ್ರ, ಅದೂ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ. ಬೆಳಗ್ಗೆ ತಿಂದ ತಿಂಡಿಯ ಶಕ್ತಿ ತೋಳಿಗೆ, ತೋಳಿನಿಂದ ಸೌಟಿಗೆ, ತಟ್ಟೆಗೆ, ಗಾಳಿಗೆ, ಕೊನೆಗೆ ರಾಗಿಗೆ ಬಂದಿದೆ. ಸದ್ದು ಅಡಗಿದಾಗಲೂ ಆ ಶಕ್ತಿ ನಾಶವಾಗುವುದಿಲ್ಲ. ಗೋಡೆ, ಬಟ್ಟೆ, ಗಾಳಿಗಳಲ್ಲಿ ಅಳತೆಗೂ ಸಿಗದಷ್ಟು ಅಲ್ಪ ಶಾಖವಾಗಿ ಸೇರಿಹೋಗುತ್ತದೆ.

ಬಿಗಿದ ಹೊದಿಕೆಯ ಮೇಲೆ ಕಾಳು ಕುಣಿಸುವುದು ಬರೀ ಮಕ್ಕಳಾಟವಲ್ಲ. ಬೆಳಕಿನ ಸಂಶೋಧನೆಗಾಗಿ 1930ರಲ್ಲಿ ನೊಬೆಲ್ ಬಹುಮಾನ ಪಡೆದ ಸರ್ ಸಿ.ವಿ. ರಾಮನ್ ಶಬ್ದವಿಜ್ಞಾನದಲ್ಲೂ ಪಂಡಿತರು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಅವರು, ಮರುವರ್ಷವೇ ಭಾರತೀಯ ಚರ್ಮವಾದ್ಯಗಳ ಬಗ್ಗೆ ಪ್ರಬಂಧ ಪ್ರಕಟಿಸಿದರು. ಮೃದಂಗದ ಮುಚ್ಚಿಗೆಯ ಮೇಲೆ ನಯವಾದ ಮರಳು ಉದುರಿಸಿ ನುಡಿಸಿದಾಗ, ಕಂಪನವಿಲ್ಲದ ಗೆರೆಗಳಲ್ಲಿ ಮರಳು ಸೇರಿಕೊಂಡು ಚಿತ್ತಾರ ಮೂಡುತ್ತದೆ. ನಡುವಿನ ಕಪ್ಪು ಕರಣೆಯಿಂದಾಗಿ ಮೃದಂಗಕ್ಕೆ ಬರಿಯ ಸದ್ದಲ್ಲ, ಸ್ವರವೇ ಒಲಿದಿದೆ ಎಂಬುದನ್ನು ಅವರು ವಿವರಿಸಿದರು.

ಶಬ್ದದಲ್ಲಿರುವ ಶಕ್ತಿ ಎಷ್ಟು? ಕೇಳಿದರೆ ನಗು ಬರುತ್ತದೆ. ಹತ್ತು ವಾಟ್‌ನ ಒಂದು ಎಲ್‌ಇಡಿ ಬಲ್ಬಿಗೆ ಬೇಕಾದಷ್ಟು ಶಕ್ತಿ ಶಬ್ದದಿಂದ ದೊರೆಯಬೇಕಾದರೆ ಸುಮಾರು ಹತ್ತು ಲಕ್ಷ ಜನ ಒಟ್ಟಿಗೆ ಮಾತನಾಡುತ್ತಿರಬೇಕು! ಇಷ್ಟು ಅಲ್ಪ ಶಕ್ತಿಯನ್ನೂ ಕಿವಿ ಗುರುತಿಸುತ್ತದೆ. ಡಬ್ಬಿಯ ಬಲೂನಿನಂತೆ ಕಿವಿಯ ತಮಟೆ ಕಂಪಿಸುತ್ತದೆ. ಒಳಗಿವಿಯಲ್ಲಿ ಶಂಖದಂತೆ ಸುತ್ತಿಕೊಂಡ ಕೊಳವೆಯೊಳಗೆ ಸುಮಾರು 15 ಸಾವಿರ ರೋಮಕೋಶಗಳು ಆ ಕಂಪನವನ್ನು ಗ್ರಹಿಸಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ.

ಪಾಲಕರು ಗಮನಿಸಬೇಕಾದದ್ದು ಇಲ್ಲಿಯೇ. ಡೆಸಿಬಲ್ ಲೆಕ್ಕದಲ್ಲಿ 10 ಹೆಚ್ಚಿದರೆ ಶಕ್ತಿ ಹತ್ತು ಪಟ್ಟಾಗುತ್ತದೆ. ಸಾಧಾರಣ ಮಾತುಕತೆ 60 ಡೆಸಿಬಲ್. ಇಯರ್‌ಫೋನಿನಲ್ಲಿ 90 ಡೆಸಿಬಲ್ ಹಾಡು ಕೇಳುವ ಮಗುವಿನ ಕಿವಿಗೆ ಬೀಳುತ್ತಿರುವುದು ಅದರ ಒಂದೂವರೆ ಪಟ್ಟಲ್ಲ, ಸಾವಿರ ಪಟ್ಟು ಶಕ್ತಿ. ರಾಗಿಯನ್ನು ಕುಣಿಸುವ ಶಕ್ತಿಯೇ ಅತಿಯಾದರೆ ರೋಮಕೋಶಗಳನ್ನು ಕೊಲ್ಲುತ್ತದೆ. ಉದುರಿದ ಹಲ್ಲಾದರೆ ಹಾಲುಹಲ್ಲಿನ ವಯಸ್ಸಿನಲ್ಲಿ ಮತ್ತೆ ಬಂದೀತು. ಸತ್ತ ರೋಮಕೋಶ ಮರಳಿ ಹುಟ್ಟದು. ಸಾಮಾನ್ಯವಾಗಿ ಮೊದಲು ಮಂದವಾಗುವುದು ಕೀರಲು ಸ್ವರಗಳು. ಹಾಗಾದಾಗ ಸ, ಶಗಳಂಥ ಅಕ್ಷರಗಳು ಸ್ಪಷ್ಟವಾಗಿ ಕೇಳಿಸುವುದಿಲ್ಲ. ಉಕ್ತಲೇಖನದಲ್ಲಿ ತಪ್ಪುವ, ಕರೆದರೆ ಓಗೊಡದ ಮಗುವಿಗೆ 'ಪಾಠದ ಮೇಲೆ ಗಮನವಿಲ್ಲ' ಎಂಬ ಹಣೆಪಟ್ಟಿ ಅಂಟಿಸುವ ಮೊದಲು ಅದರ ಕಿವಿ ಪರೀಕ್ಷೆ ಮಾಡಿಸುವುದು ಲೇಸು.

2000ದ ಶಬ್ದಮಾಲಿನ್ಯ ನಿಯಮಗಳು ಶಾಲೆಯ ಸುತ್ತ 100 ಮೀಟರ್‌ವರೆಗೆ ನಿಶ್ಶಬ್ದ ವಲಯಕ್ಕೆ ಅವಕಾಶ ಕೊಟ್ಟಿವೆ. ಅಲ್ಲಿ ಹಗಲಿನ ಮಿತಿ 50 ಡೆಸಿಬಲ್. ನಿಯಮ ಕಾಗದದಲ್ಲಿದೆ. ಅದು ಏಕೆ ಬೇಕೆಂಬುದನ್ನು ಕುಣಿಯುವ ರಾಗಿ ನೋಡಿದ ಮಗು ಬೇಗ ಅರಿಯುತ್ತದೆ. 'ಸದ್ದು ಕಡಿಮೆ ಮಾಡು' ಎಂದು ಹತ್ತು ಸಲ ಕೂಗುವ ಬದಲು ಅಪ್ಪ ಅಮ್ಮಂದಿರು ಒಂದು ಭಾನುವಾರ ಮಕ್ಕಳೊಡನೆ ಡಬ್ಬಿ, ಬಲೂನು ಹಿಡಿದು ಕೂರಬಹುದು.

ಈ ವಾರ ಮಕ್ಕಳಿಗೊಂದು ಪ್ರಶ್ನೆ: ಝಣಗುಡುತ್ತಿರುವ ತಟ್ಟೆಯನ್ನು ಕೈಯಿಂದ ಗಟ್ಟಿಯಾಗಿ ಹಿಡಿದರೆ ಸದ್ದು ಥಟ್ಟನೆ ನಿಲ್ಲುತ್ತದೆ. ಆಗ ತಟ್ಟೆಯಲ್ಲಿದ್ದ ಶಕ್ತಿ ಎಲ್ಲಿಗೆ ಹೋಯಿತು?